ಬಾಯಲ್ಲಿ ಗುಂಡುಪಿನ್ನು, ಕೈಯಲ್ಲಿ ಹಳೇ ಸೀರೆ

ಹೊಸ ಬಟ್ಟೆ ಹೊಲಿಯುವವರಿಗೆ ತಪ್ಪಿದರೆ ಅಳತೆ ತಪ್ಪುತ್ತದೆ, ಅಷ್ಟೇ. ಹಳೇ ಬಟ್ಟೆ ಹೊಲಿಯುವ ನನ್ನಂಥವಳ ಕತ್ತರಿಗೆ ಮನೆಮನೆಯ ಸಂಸಾರವೇ ಬಂದು ಸಿಕ್ಕಿಕೊಳ್ಳುತ್ತದೆ. ಇಷ್ಟು ವರ್ಷದಲ್ಲಿ ನಗದೆ ಅಂಗಡಿ ಬಾಗಿಲು ಹಾಕಿದ ದಿನ ಅಪರೂಪ.

ಮಾಗಡಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಗೂ ಬೇಕರಿಗೂ ನಡುವೆ ನನ್ನ ಅಂಗಡಿ. ಬೋರ್ಡಿನಲ್ಲಿ ‘ಲೇಡೀಸ್ ಟೈಲರ್’ ಅಂತ ಇದೆ. ಆದರೆ ಜನ ಹುಡುಕಿಕೊಂಡು ಬರುವುದು ಬೇರೆ ಕೆಲಸಕ್ಕೆ. ಅಪ್ಪನ ಪ್ಯಾಂಟು ಕೊಟ್ಟರೆ ಮಗನಿಗೆ ಚಡ್ಡಿ, ಅಮ್ಮನ ಸೀರೆ ಕೊಟ್ಟರೆ ಮಗಳಿಗೆ ಲಂಗ, ತಾತನ ಪಂಚೆ ಕೊಟ್ಟರೆ ಹಸುಗೂಸಿಗೆ ಅಂಗಿ.

ಈ ವಿದ್ಯೆ ನನ್ನದಲ್ಲ, ನಮ್ಮತ್ತೆಯದು. ಮದುವೆಯಾಗಿ ಬಂದಾಗ ನನಗೆ ಸೂಜಿಗೆ ದಾರ ಪೋಣಿಸುವುದಕ್ಕೂ ಬರುತ್ತಿರಲಿಲ್ಲ. “ಕೈಯಾಗೊಂದು ಕಸುಬಿಲ್ದಿದ್ರೆ ಎಲ್ಲರ ಮುಂದೂ ಕೈ ಚಾಚ್ಬೇಕಾಯ್ತದೆ, ಬಾ ಕುತ್ಕೊ” ಅಂತ ತಮ್ಮ ಮಿಷಿನ್ನಿನ ಮುಂದೆ ನನ್ನನ್ನು ಕೂರಿಸಿದವರು ಅವರು. ಬೈದರು, ತಲೆಗೆ ಮೊಟಕಿದರು, ಕಲಿಸಿದರು. ಆ ಮಿಷಿನ್ನಿನಿಂದಲೇ ನಮ್ಮ ಮನೆ ನಡೆಯಿತು, ಮಗಳು ಓದಿದಳು, ಮದುವೆಯಾಗಿ ಚನ್ನಪಟ್ಟಣಕ್ಕೆ ಹೋದಳು. ಅದಕ್ಕೇ ನಾನು ದೇವರಿಗೆ ಕೈ ಮುಗಿಯುವಾಗಲೂ ಒಂದು ಕಣ್ಣು ಅತ್ತೆಯ ಕಡೆಗೇ ಇರುತ್ತದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಉಂಟು. ಕೂಸಿಗೆ ಹೆಸರಿಡುವ ದಿನ ಹೊಸ ಬಟ್ಟೆ ಹಾಕುವ ಮುಂಚೆ, ಮನೆಯ ಹಿರೀ ಹೆಂಗಸು ಹಳೇ ಸೀರೆಯಲ್ಲಿ ಕೈಯಾರೆ ಹೊಲಿದ ಅಂಗಿಯೊಂದು ಮೊದಲು ಮೈಗೆ ತಾಗಬೇಕು. ಹಳೇ ಬಟ್ಟೆ ಮೆತ್ತಗಿರುತ್ತದೆ, ಉಟ್ಟವರ ಆಯಸ್ಸೂ ಅದರಲ್ಲಿರುತ್ತದೆ ಅಂತ ನಂಬಿಕೆ. ನನ್ನ ಮಗಳಿಗೆ ಅತ್ತೆಯೇ ಹೊಲಿದಿದ್ದರು. ಹೋದ ವರ್ಷ ಆ ಮಗಳೇ ಬಸುರಿಯಾದಳು. ಆದರೆ ನಾಲ್ಕು ವರ್ಷದಿಂದ ಅತ್ತೆಯ ಕೈ ನಡುಗುತ್ತದೆ, ಕಣ್ಣೂ ಮಸುಕು. ಸೂಜಿ ಮುಟ್ಟುವುದನ್ನೇ ಬಿಟ್ಟಿದ್ದರು. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಹಳೇ ಬಟ್ಟೆಯ ಗುಂಡಿ ಕಿತ್ತು ಬಿಸ್ಕತ್ತಿನ ಡಬ್ಬಕ್ಕೆ ಹಾಕುವುದು, ಬಂದವರಿಗೆಲ್ಲ ಬುದ್ಧಿ ಹೇಳುವುದು, ಇಷ್ಟೇ ಅವರ ಕೆಲಸ. ಮರಿಮಗುವಿನ ಅಂಗಿಯ ಮಾತೆತ್ತಿದರೆ “ನೀನೇ ಹೊಲ್ಕೊಳ್ಳೇ” ಅನ್ನುತ್ತಿದ್ದರು. ನನಗೋ ಅವರೇ ಹೊಲಿಯಬೇಕು ಅಂತ ಹಟ.

ಆ ಹಟದ ಗತಿ ಏನಾಯಿತು ಅಂತ ಹೇಳಬೇಕಾದರೆ ಮೊದಲು ಮೇಷ್ಟ್ರ ಪ್ಯಾಂಟಿನಿಂದ ಶುರು ಮಾಡಬೇಕು.

೧. ಮೇಷ್ಟ್ರ ಪ್ಯಾಂಟು

ಅಂಗಡಿ ಹಾಕಿದ ಹೊಸತು. ಹೈಸ್ಕೂಲ್ ಮೇಷ್ಟ್ರ ಹೆಂಡತಿ ಒಂದು ಬೂದು ಬಣ್ಣದ ಪ್ಯಾಂಟು ತಂದುಕೊಟ್ಟಳು. “ಒಳ್ಳೆ ಬಟ್ಟೆ ಕಣಕ್ಕ. ಬೀರುವಲ್ಲಿ ಸುಮ್ನೆ ನೇತಾಡ್ತಾ ಐತೆ. ನಮ್ಮೆಜಮಾನ್ರು ಹಾಕೋದೇ ಇಲ್ಲ. ಹುಡುಗನಿಗೆ ಎರಡು ಚಡ್ಡಿ ಮಾಡ್ಕೊಡಿ” ಅಂದಳು. ನಿಜವಾಗಲೂ ಒಳ್ಳೆ ಬಟ್ಟೆ. ಒಂದೊಂದು ಕಾಲಿನಲ್ಲಿ ಒಂದೊಂದು ಚಡ್ಡಿ ಎದ್ದಿತು. ನನ್ನ ಕೆಲಸಕ್ಕೆ ನಾನೇ ಬೀಗಿದೆ.

ಚಡ್ಡಿ ಕೊಟ್ಟ ಮಾರನೇ ದಿನ ಮೇಷ್ಟ್ರು ಮಗನ ರಟ್ಟೆ ಹಿಡಿದುಕೊಂಡು ಬಂದರು. ಮಗನ ಮೈಮೇಲೆ ಒಂದು ಬೂದು ಚಡ್ಡಿ, ಮೇಷ್ಟ್ರ ಕೈಯಲ್ಲಿ ಇನ್ನೊಂದು.

“ಏನಮ್ಮ ಇದು?”

“ಚಡ್ಡಿ ಸಾರ್.”

“ಚಡ್ಡಿಯಲ್ಲಮ್ಮ, ಇದು ನನ್ನ ಮದುವೆ ಪ್ಯಾಂಟು! ಹೊಟ್ಟೆ ಕರಗಿದ ಮೇಲೆ ಹಾಕ್ಕೋಬೇಕು ಅಂತ ಎಂಟು ವರ್ಷದಿಂದ ಜೋಪಾನ ಮಾಡಿದ್ದೆ!”

ನಾನು ಅವರ ಹೊಟ್ಟೆ ನೋಡಿದೆ. ಅತ್ತೆಯೂ ನೋಡಿದರು. ಹುಡುಗ ಕೂಡ ತಲೆಯೆತ್ತಿ ನೋಡಿದ. ನನಗೆ ಒಂದು ಕಡೆ ಭಯ, ಇನ್ನೊಂದು ಕಡೆ ನಗು. ಬಾಯಿ ಬಿಟ್ಟರೆ ಯಾವುದು ಹೊರಗೆ ಬರುತ್ತದೋ ಅಂತ ತುಟಿ ಕಚ್ಚಿಕೊಂಡು ನಿಂತೆ. ಅತ್ತೆ ಮಾತ್ರ ಗುಂಡಿ ಕೀಳುತ್ತಲೇ ಹೇಳಿದರು: “ಕ್ವಾಪ ಮಾಡ್ಕೋಬ್ಯಾಡಿ ಮೇಷ್ಟ್ರೇ. ಎರಡು ಚಡ್ಡೀನೂ ಜೋಪಾನವಾಗಿ ಇಟ್ಕಳಿ. ನಿಮ್ಮೊಟ್ಟೆ ಕರಗಿದ ದಿನ ಬನ್ನಿ, ನನ್ ಸೊಸೆ ಮತ್ತೆ ಜೋಡಿಸ್ಕೊಡ್ತಾಳೆ.”

ಪಾಪ, ಒಳ್ಳೆ ಮನುಷ್ಯ. ತಾವೇ ನಕ್ಕುಬಿಟ್ಟರು. ಅವರು ಆ ಕಡೆ ಹೋದದ್ದೇ ತಡ, ಅತ್ತೆ ನನ್ನ ತಲೆಗೆ ಮೊಟಕಿದರು. “ಇನ್ಮ್ಯಾಕೆ ತಂದೋರ ಮಾತು ನಂಬಬ್ಯಾಡ. ಉಟ್ಟೋರೇ ಬಾಯಿ ಬುಟ್ಟು ‘ಹೂಂ’ ಅನ್ಬೇಕು, ಆಮ್ಯಾಲೇ ಕತ್ತರಿ.” ಅವತ್ತಿನಿಂದ ಅದೇ ನಮ್ಮ ಅಂಗಡಿಯ ರೂಲ್ಸು. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ ಗೋಡೆಗೆ ತಗಲಿಹಾಕಿದ್ದೇನೆ.

ಮೇಷ್ಟ್ರು ಮಾರನೇ ದಿನವೇ ಹಟ ತೊಟ್ಟು ಬೆಳಗಿನ ವಾಕಿಂಗ್ ಶುರು ಮಾಡಿದರು. ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ. ಮೇಷ್ಟ್ರು ಇನ್ನೂ ವಾಕಿಂಗ್ ಹೋಗುತ್ತಿದ್ದಾರೆ.

೨. ತಾತನ ಒಳಜೇಬು

ರೂಲ್ಸು ಅಂದ ಮೇಲೆ ರೂಲ್ಸು. ತಿಪ್ಪಸಂದ್ರದ ಕಡೆಯ ಒಬ್ಬಳು ಸೊಸೆ ತನ್ನ ಮಾವನ ಬಿಳೀ ಅಂಗಿ ತಂದಾಗ, “ಮಾವನ್ನೇ ಕರ್ಕೊಂಡು ಬಾರವ್ವ” ಅಂತ ವಾಪಸ್ ಕಳಿಸಿದೆ. ಸಂತೆಯ ದಿನ ಬಸ್ಸು ಹತ್ತಿಸಿಕೊಂಡು ಕರೆತಂದಳು. ಎಪ್ಪತ್ತು ದಾಟಿದ ಗಟ್ಟಿ ರೈತ. ಗೋಡೆಯ ಮೇಲಿದ್ದ ರಟ್ಟನ್ನು ಯಾರಿಂದಲೋ ಓದಿಸಿ ಕೇಳಿಕೊಂಡು, ಮೀಸೆ ತಿರುವಿ, “ಹೂಂ ಅಂತೀನಿ. ಆದ್ರೆ ಒಂದು ಮಾತು. ಒಳಜೇಬು ಹಂಗೇ ಇರ್ಬೇಕು” ಅಂದರು.

“ಒಂದೂವರೆ ವರ್ಷದ ಕೂಸಿಗೆ ಒಳಜೇಬು ಯಾಕಪ್ಪ?”

“ನಮ್ ವಂಸದ ಗತ್ತು ಕಣವ್ವ ಅದು. ನಮ್ಮಪ್ಪನ ಅಂಗೀಲೂ ಇತ್ತು, ನನ್ ಅಂಗೀಲೂ ಐತೆ. ಮೊಮ್ಮಗಂಗೂ ಇರ್ಲಿ.”

ನನಗೆ ಕಣ್ಣು ತುಂಬಿ ಬಂತು. ಎಂಥ ತಾತ, ಎಂಥ ಪ್ರೀತಿ! ಅಂಗೈಯಗಲದ ಅಂಗಿಗೆ ಅರ್ಧ ಅಂಗೈಯಗಲದ ಒಳಜೇಬು ಕೂರಿಸಿಕೊಟ್ಟೆ. ತಾತ ಮಾರನೇ ವಾರವೇ ಒಂದು ಚೀಲ ಅವರೆಕಾಯಿ ಕಳಿಸಿದರು. ಮಾಗಡಿ ಸೀಮೆಯ ಸೊಗಡಿನ ಅವರೆಕಾಯಿ, ಬೀದಿಗೆಲ್ಲ ಘಮ. ಒಂದು ಜೇಬಿಗೆ ಇಷ್ಟೊಂದು ಮರ್ಯಾದೆಯಾ ಅಂತ ನಾನು ಉಬ್ಬಿಹೋದೆ.

ತಿಂಗಳಾದ ಮೇಲೆ ಸೊಸೆ ಬಂದಳು. ಮುಖ ಕೆಂಪಗೆ. “ಅಕ್ಕ, ಆ ಜೇಬು ಹೊಲ್ದು ಮುಚ್ಚಾಕಿ!”

“ಯಾಕವ್ವ?”

“ಡಾಕ್ಟ್ರು ನಮ್ ಮಾವಂಗೆ ಬೀಡಿ ಮುಟ್ಟಂಗಿಲ್ಲ ಅಂದವ್ರೆ. ದಿನಾ ಮಾವನ ಅಂಗಿ ತಡಕ್ತೀನಿ, ಏನೂ ಸಿಗಲ್ಲ, ಆದ್ರೆ ಮೈಯೆಲ್ಲ ಬೀಡಿ ವಾಸ್ನೆ. ನೆನ್ನೆ ಕೂಸಿನ ಅಂಗಿ ಒಗಿಯಾಕೆ ಹಾಕಿದ್ರೆ ನೀರಾಗೆ ನಾಕು ಬೀಡಿ ತೇಲಾಡ್ತಾವೆ!”

ತಾತ ಮೊಮ್ಮಗನನ್ನು ಅಷ್ಟೊಂದು ಎತ್ತಿಕೊಂಡು ಓಡಾಡುತ್ತಿದ್ದುದು ಯಾಕೆ ಅಂತ ಆಮೇಲೆ ಗೊತ್ತಾಯಿತು. ಸೊಸೆ ಜೊತೆಗೆ ಒಂದು ಚೀಲ ಅವರೆಕಾಯಿಯನ್ನೂ ತಂದಿದ್ದಳು. ಜೇಬು ಮುಚ್ಚಿದೆ. ಎರಡೇ ದಿನಕ್ಕೆ ತಾತ ಒಬ್ಬರೇ ಬಸ್ಸು ಹತ್ತಿ ಬಂದು ರಟ್ಟಿನ ಕಡೆ ಬೆರಳು ತೋರಿಸಿದರು. “ರೂಲ್ಸು ಓದವ್ವ. ಅಂಗಿ ಉಟ್ಟೋನು ನಾನು. ಜೇಬು ಮುಚ್ಚಾಕೆ ನಾನು ಹೂಂ ಅಂದಿದ್ನಾ?” ಕೈಯಲ್ಲಿ ಮತ್ತೊಂದು ಚೀಲ.

ಆ ಅವರೆಕಾಯಿ ವಾಪಸ್ ಕೊಡೋಣ ಅಂತ ನಾನು ಅತ್ತೆಯ ಕಡೆ ನೋಡಿದರೆ ಅವರು ಆಗಲೇ ಸುಲಿಯಲು ಕೂತಿದ್ದರು. “ಬೀಡಿಗೆ ಜೇಬು ಕೊಡಾಕಿಲ್ಲ ಕಣಪ್ಪ, ಆದ್ರೆ ಕಾಯಿ ಒಸಿ ಎಳೇದಾಗೈತೆ” ಅಂದರು. ತಾತನಿಗೆ ಜೇಬು ಸಿಗಲಿಲ್ಲ. ಆದರೂ ಜೇಬು ಮತ್ತೆ ತೆರೆಯದಿರಲಿ ಅಂತ ಸೊಸೆಯಿಂದ ಇನ್ನೂ ಮೂರು ಚೀಲ, ನಮ್ಮ ಮನಸ್ಸು ಕರಗಲಿ ಅಂತ ತಾತನಿಂದ ಇನ್ನೂ ಎರಡು. ಆ ವರ್ಷ ನಾವು ಅವರೆಕಾಯಿ ಕೊಂಡದ್ದೇ ಇಲ್ಲ.

೩. ಹನ್ನೆರಡು ಲಂಗ

ನನಗೊಂದು ಕೆಟ್ಟ ಅಭ್ಯಾಸ. ಕೆಲಸ ಮಾಡುವಾಗ ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡಿರುತ್ತೇನೆ. ಆವಾಗ ಯಾರು ಏನು ಕೇಳಿದರೂ ಒಂದೇ ಉತ್ತರ, “ಹೂಂ.” ಬೇರೆ ಏನಾದರೂ ಹೇಳಲು ಹೋದರೆ ಪಿನ್ನು ಹೊಟ್ಟೆಗೆ. ಎಷ್ಟೋ ಸಲ ಏನು ಕೇಳಿದರು ಅಂತಲೂ ಕಿವಿಗೆ ಬಿದ್ದಿರುವುದಿಲ್ಲ.

ಹೋದ ವರ್ಷ ಪಕ್ಕದ ಬೀದಿಯ ಪುಟ್ಟ ಸ್ಕೂಲಿನ ಮಿಸ್ಸು ಬಂದರು. ಏನೋ ಕೇಳಿದರು, ಹೂಂ ಅಂದೆ. ಮತ್ತೇನೋ ಕೇಳಿದರು, ಹೂಂ ಅಂದೆ. “ತುಂಬಾ ಥ್ಯಾಂಕ್ಸ್ ಅಕ್ಕ” ಅಂತ ಕೈ ಮುಗಿದು ಹೋದರು. ಪಿನ್ನು ತೆಗೆದು ನೋಡಿದರೆ ಅತ್ತೆ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಾರೆ.

“ಏನಂದೆ ಗೊತ್ತೇನೇ?”

“ಹೂಂ ಅಂದೆ.”

“ಹನ್ನೆರಡು ಲಂಗಕ್ಕೆ ಹೂಂ ಅಂದೆ. ಶುಕ್ರವಾರಕ್ಕೆ ಹೂಂ ಅಂದೆ. ಮೂರು ಮಡಿಕೆ ಬಾರ್ಡರಿಗೂ ಹೂಂ ಅಂದೆ.”

ಸ್ಕೂಲ್ ಡೇ ಡ್ಯಾನ್ಸು. ಹನ್ನೆರಡು ಹೆಣ್ಣುಮಕ್ಕಳಿಗೆ ಅವರವರ ಅಮ್ಮಂದಿರ ಹಳೇ ಸೀರೆಯಲ್ಲಿ ಲಂಗ. ಅವತ್ತು ಮಂಗಳವಾರ. ಹನ್ನೆರಡು ಅಮ್ಮಂದಿರೂ ಸರದಿಯಲ್ಲಿ ಬಂದು ಹೂಂ ಅಂದು ಹೋದರು. ಬಾರ್ಡರ್ ಬಿಚ್ಚುವ ಕೆಲಸವನ್ನೆಲ್ಲ ಅತ್ತೆ ವಹಿಸಿಕೊಂಡರು. ಇದೇ ಸಮಯ ಅಂತ ನಾನು ಮೆಲ್ಲಗೆ, “ಅತ್ತೆ, ಒಂದೇ ಒಂದು ಲಂಗಕ್ಕೆ ಕೈಹೊಲಿಗೆ ಹಾಕ್ಕೊಡಿ” ಅಂತ ಸೂಜಿ ಕೊಟ್ಟೆ. ಮಗಳ ಕೂಸಿನ ಅಂಗಿ ಮನಸ್ಸಿನಲ್ಲಿತ್ತು, ಕೈ ಒಮ್ಮೆ ಪಳಗಲಿ ಅಂತ. ಅತ್ತೆ ತೆಗೆದುಕೊಂಡರು. ನಾಲ್ಕು ಹೊಲಿಗೆ ಹಾಕಿದರು. ಸೂಜಿ ಕೈ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. “ಕೈ ನನ್ ಮಾತು ಕೇಳಾಕಿಲ್ಲ ಕಣೇ. ಇನ್ನು ಮುಗೀತು ಬುಡು” ಅಂತ ಲಂಗ ವಾಪಸ್ ಕೊಟ್ಟುಬಿಟ್ಟರು. ನನಗೆ ಅಳು ಬಂತು. ಅವರ ಮುಂದೆ ಅತ್ತರೆ ಬೈಯುತ್ತಾರೆ ಅಂತ ನೀರು ಕುಡಿಯುವ ನೆಪದಲ್ಲಿ ಬೇಕರಿಗೆ ಹೋಗಿ ನಿಂತು ಬಂದೆ.

ಶುಕ್ರವಾರ ಹನ್ನೆರಡು ಲಂಗವೂ ಸ್ಟೇಜು ಹತ್ತಿದವು. ನಾನೂ ಅತ್ತೆಯೂ ಮುಂದಿನ ಸಾಲಿನಲ್ಲೇ ಕೂತಿದ್ದೆವು. ನಮ್ಮ ಪಕ್ಕದ ಹೆಂಗಸರು ಒಬ್ಬರೂ ಮಕ್ಕಳ ಡ್ಯಾನ್ಸು ನೋಡಲಿಲ್ಲ. “ಅದು ನನ್ನ ಸೀಮಂತದ ಸೀರೆ!” “ಅಗೋ, ನನ್ನ ಗೃಹಪ್ರವೇಶದ್ದು!” ಅಂತ ಸೀರೆಗಳನ್ನೇ ನೋಡಿ ಚಪ್ಪಾಳೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಅಜ್ಜಿ ಎದ್ದು ನಿಂತಿತು. ಸೊಸೆಯ ಕಡೆ ತಿರುಗಿ, “ಏನೇ? ಹಬ್ಬಕ್ಕೆ ನಾನು ಕೊಡ್ಸಿದ್ ಸೀರೆ ಉಡೇ ಅಂದ್ರೆ ಕಳೆದೋಯ್ತು ಅಂದಿದ್ದೆ! ಅಲ್ಲಿ ಕುಣೀತಾ ಐತಲ್ಲೇ!” ಅಂತ ಕೂಗಿತು. ಮೈಕಿನ ಹಾಡಿಗಿಂತ ಜೋರು. ಸೊಸೆ ನನ್ನ ಕಡೆ ಕೈ ತೋರಿಸಿದಳು. ಅಜ್ಜಿ ನಮ್ಮ ಹತ್ತಿರ ಬಂತು. ನಾನು ಅತ್ತೆಯ ಬೆನ್ನ ಹಿಂದೆ ಸರಿದೆ.

ಅತ್ತೆ ತಣ್ಣಗೆ ಹೇಳಿದರು: “ನೋಡಕ್ಕ, ನಮ್ ಅಂಗ್ಡಿ ರೂಲ್ಸು ಉಟ್ಟೋರಿಗೆ. ಕೊಟ್ಟೋರಿಗಲ್ಲ.”

ಅಜ್ಜಿ ಸೊಸೆಯ ಕಡೆ ಕೈ ತೋರಿಸಿ, “ಆ ಮುಂಡೇದು ಒಂದು ದಿವ್ಸಾನಾದ್ರೂ ಉಟ್ಟಿದ್ರೆ ತಾನೇ!” ಅಂತು.

೪. ಸೆರಗಿಲ್ಲದ ಸೀರೆ

ಮಗಳು ಹೆರಿಗೆಗೆ ನಮ್ಮಲ್ಲಿಗೇ ಬಂದಳು. ಹೆಣ್ಣು ಕೂಸು. ಎರಡು ಹಿಡಿ ಇತ್ತು, ಮೂರು ಬೀದಿಗೆ ಕೇಳುವ ಹಾಗೆ ಅಳುತ್ತಿತ್ತು. ಅತ್ತೆ ಮಡಿಲಲ್ಲಿ ಮಲಗಿಸಿಕೊಂಡು, “ನಿಮ್ಮಜ್ಜೀದೇ ಗಂಟ್ಲು ಕಣ್ಮಗಾ” ಅಂದರು. ಅಜ್ಜಿ ಅಂದರೆ ನಾನು.

ಹೆಸರಿಡುವ ದಿನ ಗೊತ್ತಾಯಿತು. ಆ ದಿನದ ಅಂಗಿಗೆ ನನ್ನ ಜಪ ಮತ್ತೆ ಶುರು. ಅತ್ತೆ ತಮ್ಮ ಹಳೇ ನೂಲಿನ ಸೀರೆ ಕೊಟ್ಟು, “ನನ್ ಸೀರೆಗೆ ಹೂಂ ಅಂದಿವ್ನಿ. ಹೊಲಿಯಾಕೆ ನೀನೇ ಕುತ್ಕೊ” ಅಂದರು. ನಾನೂ ಬಿಡಲಿಲ್ಲ. “ನೀವು ಹೊಲಿಯದಿದ್ರೆ ಕೂಸು ಅವತ್ತು ಬರೀ ಮೈಲೇ ಇರ್ಲಿ” ಅಂದೆ. ಮಗಳು, “ಅಮ್ಮ, ನಿಮ್ಮಿಬ್ಬರ ಜಗಳಕ್ಕೆ ನನ್ನ ಕೂಸಿಗೆ ನೆಗಡಿ ಬರಿಸ್ಬೇಡ” ಅಂತ ಬೈದಳು. ಸೀರೆ ಹಾಗೇ ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು. ದಿನ ಹತ್ತಿರ ಬಂದ ಹಾಗೆ ನನಗೆ ಒಳಗೊಳಗೇ ಸಂಕಟ. ಬಾಯಲ್ಲಿ ಎಷ್ಟೇ ಜೋರು ಮಾಡಿದರೂ, ನಡುಗುವ ಕೈಗೆ ಯಾರು ತಾನೇ ಬಲವಂತ ಮಾಡುತ್ತಾರೆ?

ಅಳಿಯ ಚನ್ನಪಟ್ಟಣದಲ್ಲಿ ಗೊಂಬೆ ಕೆಲಸದವನು. ಎರಡು ವಾರ ಮುಂಚೆ, ಅತ್ತೆ ಅಂಗಡಿಯಲ್ಲಿದ್ದ ಹೊತ್ತಿನಲ್ಲಿ, ಕೂಸಿಗೆ ಮರದ ಗಿಲಕಿ, ನನಗೊಂದು ರೇಷ್ಮೆ ಸೀರೆ ತಂದ. ಮೆಂತ್ಯದ ಬಣ್ಣ, ಹಸಿರು ಬಾರ್ಡರು. “ಅತ್ತೆ, ಬಾಣಂತನಕ್ಕೆ ಹಗಲು ರಾತ್ರಿ ಅನ್ನದೆ ದುಡಿದಿದ್ದೀರ. ಹೆಸರಿಡೋ ದಿನ ಇದನ್ನೇ ಉಡ್ಬೇಕು” ಅಂದ. ಅಂಥ ಸೀರೆ ನಾನು ಜನ್ಮದಲ್ಲಿ ಉಟ್ಟವಳಲ್ಲ. ಫಾಲ್ ಹಾಕೋಣ ಅಂತ ಅಂಗಡಿಗೆ ಒಯ್ದೆ. ಹೊಸ ಕವರು ಕಂಡರೆ ಬಂದವರೆಲ್ಲ ಬಿಚ್ಚಿ ನೋಡುತ್ತಾರೆ ಅಂತ ಜಾಣತನ ಮಾಡಿ, ಕವರು ತೆಗೆದು ಹಳೇ ಬಟ್ಟೆಯ ಚೀಲಕ್ಕೆ ತುರುಕಿ ನನ್ನ ಕುರ್ಚಿಯ ಕೆಳಗಿಟ್ಟೆ. ಆಮೇಲೆ ಪುರುಸೊತ್ತೇ ಆಗಲಿಲ್ಲ. ಹೆಸರಿಡುವ ಹಿಂದಿನ ದಿನ ಚೀಲ ಹೇಗಿತ್ತೋ ಹಾಗೇ ಮನೆಗೆ ತಂದೆ.

ಬೆಳಗ್ಗೆ ಸ್ನಾನ ಮಾಡಿ ಸೀರೆ ಬಿಡಿಸಿದೆ. ನೆರಿಗೆ ಹಿಡಿದೆ, ಸುತ್ತಿದೆ, ಸೆರಗು ಹೊದೆಯೋಣ ಅಂತ ಎಳೆದೆ. ಸೆರಗೇ ಇಲ್ಲ! ಭುಜದ ಹತ್ತಿರ ಬಂದು ಸೀರೆ ಮುಗಿದೇಹೋಯಿತು.

“ಅಯ್ಯೋ ನನ್ ಕರ್ಮವೇ! ಸೆರಗಿಲ್ಲದ ಸೀರೆ ಕೊಟ್ಟು ಕಳಿಸಿದಾನಲ್ಲ ಆ ಅಂಗಡಿಯೋನು!” ಅಂತ ಕೂಗಿದೆ. ಅಳಿಯನ ಮುಖ ಬಿಳಿಚಿಕೊಂಡಿತು. ನೆಂಟರ ಮುಂದೆ ಮರ್ಯಾದೆಯ ಪ್ರಶ್ನೆ. ಆಗಲೇ ಅಂಗಡಿಗೆ ಫೋನು ಹಚ್ಚಿ, ಸ್ಪೀಕರಿನಲ್ಲಿಟ್ಟು, “ಏನ್ರಿ, ಸೆರಗಿಲ್ಲದ ಸೀರೆ ಮಾರ್ತೀರಾ?” ಅಂತ ಜೋರು ಮಾಡಿದ. ಆ ಕಡೆಯವನು ಬಹಳ ತಾಳ್ಮೆಯ ಮನುಷ್ಯ.

“ಸಾರ್, ಸೆರಗಿಲ್ಲದ ಸೀರೆ ಯಾರೂ ನೇಯೋದೇ ಇಲ್ಲ. ತುದಿ ನೋಡಿ ಸಾರ್, ಕತ್ತರಿಸಿರೋ ಹಾಗಿದೆಯಾ?”

ಅಳಿಯ ತುದಿ ನೋಡಿದ. “ಹೂಂ.”

“ನಿಮ್ಮನೇಲಿ ಯಾರಾದ್ರೂ ಟೈಲರ್ ಇದಾರಾ ಸಾರ್?”

ಮನೆಯಲ್ಲಿದ್ದ ಇಪ್ಪತ್ತು ಜನರೂ ನನ್ನ ಕಡೆ ತಿರುಗಿದರು. ಅಳಿಯ ಸದ್ದಿಲ್ಲದೆ ಫೋನು ಇಟ್ಟ. ನನ್ನ ಸೀರೆ ನಾನೇ ಕತ್ತರಿಸಿಕೊಳ್ಳುವಷ್ಟು ಮರೆವೇ? ಕೊನೆಗೆ ಮನೆಯಲ್ಲಿ ಉಡುವ ಹಳೇ ನೂಲಿನ ಸೀರೆ ಉಟ್ಟುಕೊಂಡು, ಮುಖ ಊದಿಸಿಕೊಂಡು ತೊಟ್ಟಿಲ ಹತ್ತಿರ ಬಂದು ಕೂತೆ.

“ಅಂಗಿ ಎಲ್ಲಿ?” ಅಂತ ನೆಂಟರು ಕೇಳಿದರು. ಹಟದಲ್ಲಿ ನಾನೂ ಹೊಲಿದಿರಲಿಲ್ಲ. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ಗುಂಡಿಯ ಬಿಸ್ಕತ್ತು ಡಬ್ಬ. ಮುಚ್ಚಳ ತೆಗೆದು, ಗುಂಡಿಗಳ ಮೇಲಿಂದ ಒಂದು ಪುಟ್ಟ ಅಂಗಿ ಎತ್ತಿದರು.

ಹೊಲಿಗೆ ಒಂದೊಂದು ಒಂದೊಂದು ಊರಿಗೆ ಹೋಗಿತ್ತು. ಒಂದು ತೋಳು ಗಿಡ್ಡ, ಒಂದು ಉದ್ದ. ಅಂಥ ಚೆಂದದ ಅಂಗಿ ನಾನು ಇನ್ನೊಂದು ಕಂಡಿಲ್ಲ. ನಾನು ಕೂಸಿಗೆ ಸ್ನಾನ ಮಾಡಿಸಿ ಬರಲು ಮನೆಗೆ ಹೋದಾಗಲೆಲ್ಲ, ಅಂಗಡಿಯಲ್ಲಿ ಒಬ್ಬರೇ ಕೂತು ದಿನಕ್ಕೆ ಹತ್ತು ಹದಿನೈದು ಹೊಲಿಗೆಯ ಹಾಗೆ ಹಾಕಿದ್ದರಂತೆ. ಸೂಜಿಗೆ ದಾರ ಪೋಣಿಸಿಕೊಟ್ಟವನು ಜೆರಾಕ್ಸ್ ಅಂಗಡಿಯವನಂತೆ. ನಾನು ಎಲ್ಲರ ಮುಂದೆ ಗೊಳೋ ಅಂತ ಅತ್ತುಬಿಟ್ಟೆ. ಅತ್ತೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ಆಮೇಲೆ ಕಣ್ಣೊರೆಸಿಕೊಂಡು ಅಂಗಿಯನ್ನು ಸರಿಯಾಗಿ ನೋಡಿದೆ.

ಮೆಂತ್ಯದ ಬಣ್ಣ. ಹಸಿರು ಬಾರ್ಡರು.

“ಅತ್ತೆ... ಇದು...”

“ನಿಂದೇ ಸೀರೆ ಕಣೇ” ಅಂದರು ಅತ್ತೆ, ಹೆಮ್ಮೆಯಿಂದ. “ನನ್ ಸೀರೆ ಯಾಕೆ ಅಂತ ಯೋಚ್ನೆ ಮಾಡ್ದೆ. ಈ ಮನೇನ ಹೊಲ್ದು ಸಾಕಿದೋಳು ನೀನು. ನಿನ್ ಆಯಸ್ಸು, ನಿನ್ ಕಸುಬು ಕೂಸಿಗೆ ತಾಗ್ಲಿ ಅಂತ. ನಿನ್ ಕುರ್ಚಿ ಕೆಳಗಿನ್ ಚೀಲಕ್ಕೆ ಕೈ ಹಾಕ್ದೆ. ಅಬ್ಬಾ, ಎಷ್ಟು ಮೆತ್ತಗೆ! ಎಷ್ಟು ವರ್ಷ ಉಟ್ಟಿದ್ರೆ ಸೀರೆ ಇಷ್ಟು ಮೆತ್ತಗಾಗ್ಬೇಕು, ಪಾಪ ನನ್ ಸೊಸೆ ಅನ್ಕೊಂಡೆ.”

“ಒಂದು ಮಾತು ಕೇಳಬಾರದಿತ್ತಾ ಅತ್ತೆ?”

“ಕೇಳ್ದೆ ಕತ್ತರಿ ಹಾಕ್ತೀನಾ? ರೂಲ್ಸು ಮಾಡಿದೋಳೇ ನಾನು! ‘ಚೀಲದಾಗಿರೋದು ನಿಂದೇನೇ?’ ಅಂತ ನಾನಂದೆ, ನೀನು ಹೂಂ ಅಂದೆ. ‘ಉಟ್ಟಿದ್ದಾಯ್ತಾ?’ ಅಂದೆ. ಹೂಂ ಅಂದೆ. ‘ಕೂಸಿಗೆ ಒಂದು ತುಂಡು ತಗೊಳ್ಳಾ?’ ಅಂದೆ. ಅದಕ್ಕೂ ಹೂಂ ಅಂದೆ.”

ನನಗೆ ನೆನಪಾಯಿತು. ಅಲ್ಲ, ಅತ್ತೆ ಕೇಳಿದ್ದು ನೆನಪಾಗಲಿಲ್ಲ. ಬಾಯಲ್ಲಿದ್ದ ಪಿನ್ನು ನೆನಪಾಯಿತು.

ಅತ್ತೆ ಕೂಸಿಗೆ ಅಂಗಿ ತೊಡಿಸಿದರು. ಅಳಿಯ ಪಾಪ, ತಾನು ತಂದ ಸೀರೆಯನ್ನು ಕೂಸಿನ ಮೈಮೇಲೆ ನೋಡುತ್ತ ಬಾಯಿ ತೆರೆದ. ಮಗಳು ಅವನ ಮೊಣಕೈ ತಿವಿದು, “ಸುಮ್ನಿರಿ. ರೂಲ್ಸು ಉಟ್ಟೋರಿಗೆ, ಕೊಟ್ಟೋರಿಗಲ್ಲ” ಅಂದಳು. ನೆಂಟರಲ್ಲಿ ಒಬ್ಬಾಕೆ, “ಕೂಸಿಗೆ ಹಳೇದು ಹಾಕೋ ಪದ್ಧತಿ ಅಂದ್ರಿ, ಇಲ್ಲಿ ಕೂಸಿಗೆ ಹೊಸ ರೇಷ್ಮೆ, ಅಜ್ಜಿಗೆ ಹಳೇ ಸೀರೆ!” ಅಂದರು. ಮನೆ ತುಂಬ ನಗು. ಕೂಸು ಆ ಗಲಾಟೆಗೆ ಎಚ್ಚರವಾಗಿ, ಕಾಲು ಝಾಡಿಸಿ, ರೇಷ್ಮೆಯನ್ನು ಚೆನ್ನಾಗಿ ಒದ್ದೆ ಮಾಡಿತು.

ನಾನು ನಗುತ್ತಲೂ ಅಳುತ್ತಲೂ ಇದ್ದೆ. ಅತ್ತೆಗೆ ಅದು ಸೀರೆಗಾಗಿ ಅಳು ಅನ್ನಿಸಿತೇನೋ. ನನ್ನ ಬೆನ್ನು ಸವರಿ, ಸಮಾಧಾನದ ದನಿಯಲ್ಲಿ, “ಅಳಬ್ಯಾಡ ಸುಮ್ಕಿರು. ಇನ್ನೂ ಐದು ಗಜ ಐತೆ, ಹದಿನೈದು ಅಂಗಿಗೆ ಸಾಕು. ನನ್ ಕೈ ಈಗ ತಾನೇ ಪಳಗ್ತಾ ಐತೆ. ನಾಳೆಯಿಂದ ಶುರು ಮಾಡ್ಲಾ?” ಅಂದರು.

ಬಾಯಲ್ಲಿ ಒಂದೂ ಪಿನ್ನಿರಲಿಲ್ಲ. “ಹೂಂ” ಅಂದೆ.